ಅತಿ ಸಂವೇದನಾಶೀಲ ವ್ಯಕ್ತಿ

ಅತಿ ಸಂವೇದನಾಶೀಲ ವ್ಯಕ್ತಿ ಎಂಬುದು ಮನೋವಿಜ್ಞಾನದ ಒಂದು ಪರಿಕಲ್ಪನೆ. ಬೆಳಕು, ಸದ್ದು, ವಾಸನೆ, ಸ್ಪರ್ಶ ಮೊದಲಾದ ಹೊರಗಿನ ಪ್ರಚೋದನೆಗಳನ್ನೂ ಹಸಿವು, ನೋವು, ಭಾವನೆಗಳಂತಹ ಒಳಗಿನ ಪ್ರಚೋದನೆಗಳನ್ನೂ ಇತರರಿಗಿಂತ ತೀವ್ರವಾಗಿ ಗ್ರಹಿಸಿ, ಅವುಗಳನ್ನು ಹೆಚ್ಚು ಆಳವಾಗಿ ಪರಿಭಾವಿಸುವ ಸ್ವಭಾವದವರನ್ನು ಈ ಹೆಸರಿನಿಂದ ಗುರುತಿಸಲಾಗುತ್ತದೆ. ಇಂಗ್ಲಿಷಿನ 'ಹೈಲಿ ಸೆನ್ಸಿಟಿವ್ ಪರ್ಸನ್' ಎಂಬುದಕ್ಕೆ ಇದು ಸಮಾನಪದ. ಅದರ ಸಂಕ್ಷಿಪ್ತ ರೂಪ 'ಎಚ್‌ಎಸ್‌ಪಿ'. ಈ ಸ್ವಭಾವಗುಣಕ್ಕೆ ಸಂಶೋಧಕರು ಇಟ್ಟಿರುವ ಶಾಸ್ತ್ರೀಯ ಹೆಸರು 'ಸಂವೇದನಾ ಸಂಸ್ಕರಣೆಯ ಸೂಕ್ಷ್ಮತೆ'. ಅಮೆರಿಕದ ಮನೋವಿಜ್ಞಾನಿ ಎಲೇನ್ ಆರನ್ 1996ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಪದ ಜನಬಳಕೆಗೆ ಬಂದಿತು.

ಇದು ರೋಗವಲ್ಲ, ಎತ್ತರ, ದನಿ, ನೆನಪಿನ ಶಕ್ತಿಗಳಂತೆ ವ್ಯಕ್ತಿಯಿಂದ ವ್ಯಕ್ತಿಗೆ ಹೆಚ್ಚು ಕಡಿಮೆಯಾಗುವ ಒಂದು ಗುಣ. ಅಮೆರಿಕದ ಮನೋವೈದ್ಯಕೀಯ ಸಂಘದ ರೋಗವರ್ಗೀಕರಣವಾದ ಡಿಎಸ್‌ಎಂ-5ರಲ್ಲಾಗಲಿ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11ರಲ್ಲಾಗಲಿ ಇದಕ್ಕೆ ಸ್ಥಾನವಿಲ್ಲ. ಆದರೂ ಈ ಹೆಸರು ದೊರೆತ ಮೇಲೆ ತಮ್ಮಂತಹವರನ್ನು ಹುಡುಕಿಕೊಂಡು ಹೋಗುವವರ ಸಂಖ್ಯೆ ಹೆಚ್ಚಿತು, ಅವರಿಗಾಗಿ ಬಳಗಗಳು ಹುಟ್ಟಿಕೊಂಡವು. ಅಂತಹ ಒಡನಾಟದಿಂದ ಆಗುವ ಪ್ರಯೋಜನಗಳೂ ಅದರ ಮಿತಿಗಳೂ ಈ ಪರಿಕಲ್ಪನೆಯ ಚರ್ಚೆಯ ಮುಖ್ಯ ಭಾಗಗಳಾಗಿವೆ.

## ಪದದ ಅರ್ಥ

ಕನ್ನಡದ ದಿನಬಳಕೆಯಲ್ಲಿ 'ಸೂಕ್ಷ್ಮ ಮನಸ್ಸಿನವರು', 'ಮೃದು ಸ್ವಭಾವದವರು', 'ಭಾವಜೀವಿ' ಎಂಬ ಮಾತುಗಳಿವೆ. ಬೇಗ ನೊಂದುಕೊಳ್ಳುವವರನ್ನು 'ಮುಟ್ಟಿದರೆ ಮುನಿ' ಎಂದೂ, ಬೇಗ ಅಳುವ ಮಕ್ಕಳನ್ನು 'ಅಳುಮುಂಜಿ' ಎಂದೂ ಹಾಸ್ಯ ಮಾಡುವುದುಂಟು. ಈ ಲೇಖನದ ಪರಿಕಲ್ಪನೆ ಇವುಗಳಿಗೆ ಹತ್ತಿರವಾದರೂ ಇವುಗಳೊಂದಿಗೆ ಒಂದೇ ಅಲ್ಲ. ಸಿಟ್ಟಾಗುವುದು, ಮುನಿಸಿಕೊಳ್ಳುವುದು, ಟೀಕೆಯನ್ನು ಸಹಿಸದಿರುವುದು ಇದರ ತಿರುಳಲ್ಲ. ಗ್ರಹಿಕೆಯ ಸೂಕ್ಷ್ಮತೆ ಮತ್ತು ಗ್ರಹಿಸಿದ್ದನ್ನು ಮನಸ್ಸಿನಲ್ಲಿ ಬಹುಕಾಲ ತಿರುವಿ ನೋಡುವ ಪ್ರವೃತ್ತಿ ಇದರ ತಿರುಳು.

ಭಾರತೀಯ ಕಾವ್ಯಮೀಮಾಂಸೆಯಲ್ಲಿ 'ಸಹೃದಯ' ಎಂಬ ಪದಕ್ಕೆ ದೊಡ್ಡ ಸ್ಥಾನವಿದೆ. ಆನಂದವರ್ಧನ, ಅಭಿನವಗುಪ್ತ ಮೊದಲಾದವರು ಕಾವ್ಯವನ್ನು ಅನುಭವಿಸಬಲ್ಲ ಹೃದಯವಂತನನ್ನು ಈ ಪದದಿಂದ ಕರೆದರು. ಅಲ್ಲಿ ಸಹೃದಯತೆ ಅಭ್ಯಾಸದಿಂದ ಬೆಳೆಯುವ ರಸಗ್ರಹಣ ಶಕ್ತಿ; ಇಲ್ಲಿ ಚರ್ಚಿಸುತ್ತಿರುವುದು ಬಹುಮಟ್ಟಿಗೆ ಹುಟ್ಟಿನಿಂದ ಬಂದ ದೇಹ–ಮನಸ್ಸುಗಳ ಸ್ವಭಾವ. ಎರಡನ್ನೂ ಸಮಾನವೆಂದು ಭಾವಿಸುವಂತಿಲ್ಲ.

## ಇತಿಹಾಸ

ಕೆಲವರು ಹುಟ್ಟಿನಿಂದಲೇ ಹೆಚ್ಚು ಸೂಕ್ಷ್ಮರು ಎಂಬ ವಿಚಾರ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ 20ನೇ ಶತಮಾನದ ಆರಂಭದಲ್ಲಿಯೇ ಜನ್ಮಜಾತ ಸೂಕ್ಷ್ಮತೆಯ ಕುರಿತು ಬರೆದಿದ್ದರು. ಬ್ರಿಟನ್ನಿನ ಹ್ಯಾನ್ಸ್ ಐಸೆಂಕ್ ಅವರು ಅಂತರ್ಮುಖಿಗಳ ಮಿದುಳು ಸಹಜವಾಗಿಯೇ ಹೆಚ್ಚು ಎಚ್ಚೆತ್ತ ಸ್ಥಿತಿಯಲ್ಲಿರುತ್ತದೆ, ಆದ್ದರಿಂದ ಅವರು ಗದ್ದಲದಿಂದ ದೂರವಿರಲು ಬಯಸುತ್ತಾರೆ ಎಂದು ವಾದಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಜೆರೋಮ್ ಕೇಗನ್ ನಾಲ್ಕು ತಿಂಗಳ ಶಿಶುಗಳಿಗೆ ತೂಗಾಡುವ ಬಣ್ಣದ ಆಟಿಕೆ, ಹೊಸ ದನಿ, ಹೊಸ ವಾಸನೆಗಳನ್ನು ಒಡ್ಡಿ ಅವುಗಳ ಪ್ರತಿಕ್ರಿಯೆಯನ್ನು ದಾಖಲಿಸಿದರು. ಸುಮಾರು ಐದರಲ್ಲಿ ಒಂದು ಶಿಶು ಕೈಕಾಲು ಬಡಿದು ಅಳುವಷ್ಟು ತೀವ್ರವಾಗಿ ಪ್ರತಿಕ್ರಿಯಿಸಿತು. ಇಂತಹ ಮಕ್ಕಳಲ್ಲಿ ಹಲವರು ಮುಂದೆ ಹೊಸ ಜನ, ಹೊಸ ಸ್ಥಳಗಳ ಎದುರು ಹಿಂಜರಿಯುವವರಾಗಿ ಬೆಳೆದರು.

ಎಲೇನ್ ಆರನ್ ಅವರ ಕೆಲಸ ಆರಂಭವಾದದ್ದು 1990ರ ದಶಕದ ಮೊದಲಲ್ಲಿ. ತಮ್ಮನ್ನು ಸೂಕ್ಷ್ಮ ಸ್ವಭಾವದವರೆಂದು ಭಾವಿಸುವವರೊಡನೆ ಅವರು ದೀರ್ಘ ಸಂದರ್ಶನಗಳನ್ನು ನಡೆಸಿದರು. ಅವುಗಳಿಂದ ಮೂಡಿದ ಅಂಶಗಳನ್ನು ಆಧರಿಸಿ, ಪತಿ ಹಾಗೂ ಸಹಸಂಶೋಧಕ ಆರ್ಥರ್ ಆರನ್ ಅವರೊಡನೆ 27 ಪ್ರಶ್ನೆಗಳ ಒಂದು ಪ್ರಶ್ನಾವಳಿಯನ್ನು ರೂಪಿಸಿದರು. ಏಳು ಅಧ್ಯಯನಗಳನ್ನು ಒಳಗೊಂಡ ಅವರ ಪ್ರಬಂಧ 1997ರಲ್ಲಿ ಪ್ರಕಟವಾಯಿತು. ಈ ಸೂಕ್ಷ್ಮತೆಯು ಅಂತರ್ಮುಖತೆಗೂ ಭಾವೋದ್ರೇಕಕ್ಕೂ ಸಂಬಂಧಿಸಿದ್ದರೂ ಅವೆರಡರಿಂದ ಭಿನ್ನವಾದ ಗುಣ ಎಂಬುದು ಆ ಪ್ರಬಂಧದ ಮುಖ್ಯ ವಾದ. ಮಕ್ಕಳಲ್ಲಿ ಈ ಗುಣದ ಕುರಿತ ಅವರ ಪುಸ್ತಕ 2002ರಲ್ಲಿ ಹೊರಬಂದಿತು.

## ಲಕ್ಷಣಗಳು

ಆರನ್ ಅವರು ಈ ಸ್ವಭಾವವನ್ನು ನಾಲ್ಕು ಅಂಶಗಳಲ್ಲಿ ಸಂಗ್ರಹಿಸಿದ್ದಾರೆ. ಅವರ ಅಭಿಪ್ರಾಯದಂತೆ ನಾಲ್ಕೂ ಒಟ್ಟಾಗಿ ಕಂಡುಬಂದರೆ ಮಾತ್ರ ಈ ಹೆಸರು ಸಲ್ಲುತ್ತದೆ.

* ಆಳವಾದ ಪರಿಭಾವನೆ: ಕಂಡದ್ದನ್ನು, ಕೇಳಿದ್ದನ್ನು ಹಿಂದಿನ ಅನುಭವಗಳೊಡನೆ ಹೋಲಿಸಿ ನೋಡುವುದು, ತೀರ್ಮಾನಕ್ಕೆ ಬರಲು ಹೆಚ್ಚು ಸಮಯ ತೆಗೆದುಕೊಳ್ಳುವುದು.
* ಬೇಗ ದಣಿಯುವುದು: ಎಲ್ಲವನ್ನೂ ಗಮನಿಸುವುದರಿಂದ ಮನಸ್ಸಿಗೆ ಬೇಗ ಆಯಾಸವಾಗುತ್ತದೆ. ಧ್ವನಿವರ್ಧಕ ಹಾಡುತ್ತಿರುವ ಮದುವೆ ಮಂಟಪದಲ್ಲಿ ಉಳಿದವರು ನಲಿಯುತ್ತಿರುವಾಗ ಇವರು ಒಂದು ಮೂಲೆಯನ್ನೋ ಹೊರಗಿನ ಗಾಳಿಯನ್ನೋ ಹುಡುಕಬಹುದು.
* ಭಾವನೆಯ ತೀವ್ರತೆ ಮತ್ತು ಸಹಾನುಭೂತಿ: ಸಂತೋಷವೂ ದುಃಖವೂ ಬಲವಾಗಿ ತಟ್ಟುವುದು, ಎದುರಿಗಿರುವವರ ಮನಸ್ಥಿತಿಯನ್ನು ಬೇಗ ಗ್ರಹಿಸುವುದು.
* ಸೂಕ್ಷ್ಮಗಳ ಗ್ರಹಿಕೆ: ದನಿಯ ಏರಿಳಿತ, ಕೋಣೆಯಲ್ಲಾದ ಸಣ್ಣ ಬದಲಾವಣೆ, ಅಡುಗೆಯ ರುಚಿಯಲ್ಲಿನ ನಸು ವ್ಯತ್ಯಾಸ ಮೊದಲಾದವು ಕೂಡಲೇ ಗಮನಕ್ಕೆ ಬರುವುದು.

ಕಣ್ಣು ಕಿವಿಗಳ ಶಕ್ತಿ ಹೆಚ್ಚಿರುವುದು ಇದರ ಅರ್ಥವಲ್ಲ. ದೃಷ್ಟಿದೋಷದಿಂದ ಕನ್ನಡಕ ಧರಿಸುವವರಲ್ಲಿಯೂ ಈ ಗುಣ ಇರಬಹುದು. ವ್ಯತ್ಯಾಸವಿರುವುದು ಇಂದ್ರಿಯಗಳಲ್ಲಲ್ಲ, ಇಂದ್ರಿಯಗಳು ತಂದ ಮಾಹಿತಿಯನ್ನು ಮಿದುಳು ಸಂಸ್ಕರಿಸುವ ಬಗೆಯಲ್ಲಿ.

## ಅಳತೆ ಮತ್ತು ಪ್ರಮಾಣ

ಆರನ್ ದಂಪತಿಗಳ ಪ್ರಶ್ನಾವಳಿಯಲ್ಲಿ ಪ್ರತಿಯೊಂದು ಪ್ರಶ್ನೆಗೂ ಏಳು ಮಟ್ಟಗಳಲ್ಲಿ ಉತ್ತರಿಸಬೇಕು. 2006ರಲ್ಲಿ ಕೆನಡಾದ ಸಂಶೋಧಕರು ಅದರ ಉತ್ತರಗಳನ್ನು ವಿಶ್ಲೇಷಿಸಿ, ಅದರೊಳಗೆ ಮೂರು ಘಟಕಗಳಿವೆ ಎಂದು ತೋರಿಸಿದರು: ಬೇಗ ಉದ್ವಿಗ್ನಗೊಳ್ಳುವುದು, ಅಲ್ಪ ಪ್ರಚೋದನೆಯೂ ಅಹಿತವೆನಿಸುವುದು ಮತ್ತು ಕಲೆ, ಸಂಗೀತ, ಪ್ರಕೃತಿಗಳ ಸೌಂದರ್ಯಕ್ಕೆ ಆಳವಾಗಿ ಸ್ಪಂದಿಸುವುದು. ಮೊದಲ ಎರಡು ಘಟಕಗಳು ಆತಂಕ, ಖಿನ್ನತೆಗಳ ಲಕ್ಷಣಗಳೊಡನೆ ಹೆಚ್ಚು ಸಂಬಂಧ ತೋರುತ್ತವೆ. ಮೂರನೆಯದು ಹೊಸತಕ್ಕೆ ತೆರೆದುಕೊಳ್ಳುವ ಮನೋಭಾವದೊಡನೆ ಕೂಡುತ್ತದೆ. ಒಂದೇ ಹೆಸರಿನಡಿ ನೋವಿಗೆ ಒಳಗಾಗುವ ಗುಣವೂ ಸವಿಯನ್ನು ಅನುಭವಿಸುವ ಗುಣವೂ ಇರುವುದನ್ನು ಈ ವಿಶ್ಲೇಷಣೆ ಸ್ಪಷ್ಟಪಡಿಸಿತು. ಮಕ್ಕಳಿಗಾಗಿ 12 ಪ್ರಶ್ನೆಗಳ ಪ್ರತ್ಯೇಕ ಪ್ರಶ್ನಾವಳಿ 2018ರಲ್ಲಿ ಪ್ರಕಟವಾಯಿತು.

ಜನಸಂಖ್ಯೆಯ ಶೇಕಡ 15ರಿಂದ 20ರಷ್ಟು ಜನ ಅತಿ ಸಂವೇದನಾಶೀಲರು ಎಂದು ಆರನ್ ಅಂದಾಜಿಸಿದ್ದರು. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಜನರನ್ನು ಮೂರು ಗುಂಪುಗಳಾಗಿ ವಿಂಗಡಿಸಿತು. ಅದರಂತೆ ಶೇಕಡ 31ರಷ್ಟು ಜನ ಹೆಚ್ಚು ಸೂಕ್ಷ್ಮರು, ಶೇಕಡ 40ರಷ್ಟು ಜನ ಮಧ್ಯಮರು, ಶೇಕಡ 29ರಷ್ಟು ಜನ ಕಡಿಮೆ ಸೂಕ್ಷ್ಮರು. ಗುಂಪುಗಳ ನಡುವೆ ಗೋಡೆಯೇನೂ ಇಲ್ಲ. ಗುಣ ಎಲ್ಲರಲ್ಲಿಯೂ ಇದೆ, ಪ್ರಮಾಣ ಮಾತ್ರ ಬೇರೆ. ಹೀಗಾಗಿ 'ಸೂಕ್ಷ್ಮರು' ಮತ್ತು 'ಉಳಿದವರು' ಎಂದು ಮನುಷ್ಯರನ್ನು ಎರಡು ಜಾತಿಗಳಾಗಿ ನೋಡುವುದಕ್ಕೆ ಈ ಅಧ್ಯಯನಗಳ ಬೆಂಬಲವಿಲ್ಲ.

ಈ ಗುಣ ಗಂಡು ಹೆಣ್ಣುಗಳಲ್ಲಿ ಸಮಪ್ರಮಾಣದಲ್ಲಿದೆ ಎಂಬುದು ಆರನ್ ಅವರ ಅಭಿಪ್ರಾಯ. ಪ್ರಶ್ನಾವಳಿಗಳಲ್ಲಿ ಸ್ತ್ರೀಯರ ಅಂಕ ಹೆಚ್ಚು ಬರುವುದಕ್ಕೆ, ಗಂಡಸರು ಅಳಬಾರದು, ಅಂಜಬಾರದು ಎಂಬ ಸಾಮಾಜಿಕ ನಿರೀಕ್ಷೆಯೇ ಕಾರಣವಿರಬಹುದೆಂದು ಅವರು ವಿವರಿಸುತ್ತಾರೆ.

## ಕಾರಣಗಳು

ಬ್ರಿಟನ್ನಿನ ಹದಿಹರೆಯದ ಅವಳಿಗಳನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವ್ಯಕ್ತಿಗಳ ನಡುವಣ ಸೂಕ್ಷ್ಮತೆಯ ವ್ಯತ್ಯಾಸದಲ್ಲಿ ಸುಮಾರು ಶೇಕಡ 47ರಷ್ಟನ್ನು ಆನುವಂಶಿಕ ಅಂಶಗಳಿಂದ ವಿವರಿಸಬಹುದು. ಉಳಿದದ್ದು ಪ್ರತಿಯೊಬ್ಬರ ಬೇರೆಬೇರೆ ಅನುಭವಗಳಿಗೆ ಸೇರಿದ್ದು. ಒಬ್ಬ ವ್ಯಕ್ತಿಯ ಸೂಕ್ಷ್ಮತೆಯ ಅರ್ಧಭಾಗ ವಂಶದಿಂದ ಬಂದದ್ದು ಎಂದು ಇದರ ಅರ್ಥವಲ್ಲ. ಸಮೂಹದಲ್ಲಿ ಕಾಣುವ ವ್ಯತ್ಯಾಸಗಳ ವಿವರಣೆ ಮಾತ್ರ ಇದು.

2014ರಲ್ಲಿ 18 ಮಂದಿಯ ಮಿದುಳಿನ ಸ್ಕ್ಯಾನ್ ಆಧರಿಸಿದ ಅಧ್ಯಯನವೊಂದು ಪ್ರಕಟವಾಯಿತು. ಬಾಳಸಂಗಾತಿಯ ಮತ್ತು ಅಪರಿಚಿತರ ನಗುಮುಖ, ಅಳುಮುಖಗಳ ಚಿತ್ರಗಳನ್ನು ತೋರಿಸಿದಾಗ, ಪ್ರಶ್ನಾವಳಿಯಲ್ಲಿ ಹೆಚ್ಚು ಅಂಕ ಪಡೆದವರ ಮಿದುಳಿನಲ್ಲಿ ಗಮನ, ಸಹಾನುಭೂತಿ ಮತ್ತು ಕ್ರಿಯೆಯ ಸಿದ್ಧತೆಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾದವು. ಭಾಗವಹಿಸಿದವರ ಸಂಖ್ಯೆ ಚಿಕ್ಕದಾದುದರಿಂದ ಇಂತಹ ಫಲಿತಾಂಶಗಳನ್ನು ಅಂತಿಮವೆಂದು ತಿಳಿಯುವಂತಿಲ್ಲ.

ಪ್ರಾಣಿಗಳಲ್ಲಿಯೂ ಈ ಬಗೆಯ ಭೇದ ಕಂಡುಬಂದಿದೆ. ಒಂದೇ ಜಾತಿಯ ಪ್ರಾಣಿಗಳಲ್ಲಿ ಕೆಲವು ಮುನ್ನುಗ್ಗುತ್ತವೆ, ಕೆಲವು ನಿಂತು ನೋಡಿ ಮುಂದುವರಿಯುತ್ತವೆ. ಸುತ್ತಲಿನ ಬದಲಾವಣೆಯನ್ನು ಗಮನಿಸಿ ನಡೆಯುವುದರಿಂದ ಲಾಭವಿದೆಯಾದರೂ, ಎಲ್ಲ ಪ್ರಾಣಿಗಳೂ ಹಾಗೆಯೇ ನಡೆದುಕೊಂಡರೆ ಆ ಲಾಭ ಕುಗ್ಗುತ್ತದೆ. ಆದ್ದರಿಂದ ಎರಡು ಬಗೆಗಳೂ ವಿಕಾಸದಲ್ಲಿ ಉಳಿದುಬರುತ್ತವೆ ಎಂದು 2008ರಲ್ಲಿ ಪ್ರಕಟವಾದ ಒಂದು ಗಣಿತೀಯ ಮಾದರಿ ತೋರಿಸಿತು.

## ಪರಿಸರದ ಪಾತ್ರ

ಹಿಂದಿನ ಸಂಶೋಧನೆಗಳು ಸೂಕ್ಷ್ಮತೆಯನ್ನು ಕೇವಲ ದೌರ್ಬಲ್ಯವೆಂದು ಕಾಣುತ್ತಿದ್ದವು. ಕಷ್ಟದ ಬಾಲ್ಯ ಕಳೆದ ಸೂಕ್ಷ್ಮ ವ್ಯಕ್ತಿಗಳಲ್ಲಿ ಸಂಕೋಚ, ಆತಂಕ, ಖಿನ್ನತೆಗಳು ಹೆಚ್ಚು ಕಂಡುಬರುವುದು ಇದಕ್ಕೆ ಕಾರಣ. ಆದರೆ ಅಮೆರಿಕದ ಜೇ ಬೆಲ್ಸ್ಕಿ, ಥಾಮಸ್ ಬಾಯ್ಸ್ ಮೊದಲಾದವರ ಕೆಲಸ ಇನ್ನೊಂದು ಮುಖವನ್ನು ತೋರಿಸಿತು. ಕೆಟ್ಟ ಪರಿಸರದಲ್ಲಿ ಹೆಚ್ಚು ಸೊರಗುವ ಮಕ್ಕಳೇ ಒಳ್ಳೆಯ ಪರಿಸರದಲ್ಲಿ ಉಳಿದವರಿಗಿಂತ ಹೆಚ್ಚು ಅರಳುತ್ತಾರೆ.

ಮಕ್ಕಳ ವೈದ್ಯರಾದ ಬಾಯ್ಸ್ ಇದಕ್ಕೆ ಎರಡು ಹೂಗಳ ಹೋಲಿಕೆಯನ್ನು ಬಳಸಿದರು. ರಸ್ತೆಯ ಬದಿಯಲ್ಲಿಯೂ ಬೆಳೆಯುವ ಕಳೆಗಿಡವಾದ ದಂಡೇಲಿಯನ್ ಎಲ್ಲಿ ಬಿದ್ದರೂ ಬದುಕುತ್ತದೆ. ಆರ್ಕಿಡ್ ಹೂವಿಗಾದರೋ ತಕ್ಕ ನೆರಳು, ತೇವ, ಗಾಳಿಗಳು ಬೇಕು. ಅವು ದೊರೆತರೆ ಅದರ ಚೆಲುವಿಗೆ ಸಾಟಿಯಿಲ್ಲ. ಮಲೆನಾಡಿನ ಮರಗಳ ಮೇಲೆ ಅರಳುವ ಸೀತಾಳೆ ದಂಡೆ ಇದೇ ಆರ್ಕಿಡ್ ಕುಟುಂಬಕ್ಕೆ ಸೇರಿದ್ದು. ಮುಂದೆ ಮಧ್ಯಮ ಗುಂಪಿನವರಿಗೆ ಟ್ಯುಲಿಪ್ ಹೂವಿನ ಹೆಸರು ಸೇರಿಕೊಂಡಿತು.

2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಾದಕ್ಕೆ ಶಾಲೆಯ ಅನುಭವದಿಂದ ಬೆಂಬಲ ನೀಡಿತು. ಲಂಡನ್ನಿನ ಬಡ ಪ್ರದೇಶದ ಶಾಲೆಯೊಂದರಲ್ಲಿ 11 ವರ್ಷ ವಯಸ್ಸಿನ ಆಸುಪಾಸಿನ ಹುಡುಗಿಯರಿಗೆ ಖಿನ್ನತೆಯನ್ನು ತಡೆಯುವ ತರಬೇತಿ ನೀಡಲಾಯಿತು. ಒಂದು ವರ್ಷದ ಬಳಿಕವೂ ಅದರ ಫಲ ಉಳಿದದ್ದು ಹೆಚ್ಚು ಸೂಕ್ಷ್ಮರಾದ ಹುಡುಗಿಯರಲ್ಲಿ. ಕಡಿಮೆ ಸೂಕ್ಷ್ಮರಾದವರಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ಸೂಕ್ಷ್ಮ ಮಕ್ಕಳಿಗೆ ನೀಡಿದ ಆರೈಕೆ ವ್ಯರ್ಥವಾಗುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಸಮಾಜದ ಮನೋಭಾವವೂ ಪರಿಸರದ ಒಂದು ಭಾಗ. ಶಿನ್‌ಯಿನ್ ಚೆನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಕೋಚದ, ಸೂಕ್ಷ್ಮ ಸ್ವಭಾವದ ಮಕ್ಕಳನ್ನು ಶಾಂಘೈ ನಗರದ ಸಹಪಾಠಿಗಳು ಮೆಚ್ಚುತ್ತಿದ್ದರು. ಕೆನಡಾದಲ್ಲಿ ಅಂತಹ ಮಕ್ಕಳು ಒಂಟಿಯಾಗುತ್ತಿದ್ದರು. ಆದರೆ ಶಾಂಘೈ ನಗರದಲ್ಲಿ 1990, 1998 ಮತ್ತು 2002ರ ಮಕ್ಕಳನ್ನು ಹೋಲಿಸಿದ ಅವರ 2005ರ ಅಧ್ಯಯನ ಬೇರೆಯೇ ಚಿತ್ರವನ್ನು ನೀಡಿತು. ಆರ್ಥಿಕ ಪೈಪೋಟಿ ಹೆಚ್ಚಿದಂತೆ ಸಂಕೋಚಕ್ಕೆ ಇದ್ದ ಮನ್ನಣೆ ಕುಗ್ಗಿ, 2002ರ ವೇಳೆಗೆ ಅಂತಹ ಮಕ್ಕಳು ಅಲ್ಲಿಯೂ ಸಹಪಾಠಿಗಳ ತಿರಸ್ಕಾರಕ್ಕೆ ಒಳಗಾಗುತ್ತಿದ್ದರು. ಹತ್ತು ಹನ್ನೆರಡು ವರ್ಷಗಳಲ್ಲಿ ಬದಲಾದದ್ದು ಮಕ್ಕಳ ಸ್ವಭಾವವಲ್ಲ, ಅದಕ್ಕೆ ಸಮಾಜ ಕಟ್ಟಿದ ಬೆಲೆ.

## ಇತರ ಸ್ಥಿತಿಗಳಿಂದ ವ್ಯತ್ಯಾಸ

ಅಂತರ್ಮುಖತೆ: ಅಂತರ್ಮುಖಿಗಳೆಲ್ಲರೂ ಅತಿ ಸಂವೇದನಾಶೀಲರಲ್ಲ. ಅತಿ ಸಂವೇದನಾಶೀಲರಲ್ಲಿ ಸುಮಾರು ಶೇಕಡ 30ರಷ್ಟು ಜನ ಬಹಿರ್ಮುಖಿಗಳು ಎಂದು ಆರನ್ ಹೇಳುತ್ತಾರೆ. ಇಂತಹವರು ಜನರ ಒಡನಾಟವನ್ನು ಬಯಸುತ್ತಾರೆ, ಆದರೆ ಆ ಒಡನಾಟದಿಂದಲೇ ಬೇಗ ದಣಿಯುತ್ತಾರೆ.

ಸಂಕೋಚ: ಇತರರು ತಮ್ಮ ಬಗ್ಗೆ ಏನೆಂದುಕೊಳ್ಳುವರೋ ಎಂಬ ಅಳುಕು ಸಂಕೋಚದ ಮೂಲ. ಸೂಕ್ಷ್ಮತೆಯಾದರೋ ಹೆಚ್ಚಾಗಿ ಸಹಜ ಗುಣ.

ಸ್ವಲೀನತೆ ಅಥವಾ ಆಟಿಸಂ: ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾದ ಪ್ರತಿಕ್ರಿಯೆ ಆಟಿಸಂನಲ್ಲಿಯೂ ಕಂಡುಬರುತ್ತದೆ. 2013ರ ಡಿಎಸ್‌ಎಂ-5 ಇದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಆದರೆ ಆಟಿಸಂನಲ್ಲಿ ಸಾಮಾಜಿಕ ಸಂವಹನದ ತೊಡಕುಗಳೂ ಪುನರಾವರ್ತಿತ ನಡವಳಿಕೆಗಳೂ ಬಾಲ್ಯದಿಂದಲೇ ಇರುತ್ತವೆ.

ಆತಂಕ, ಖಿನ್ನತೆ ಮತ್ತು ಆಘಾತದ ಪರಿಣಾಮಗಳು: ಸದ್ದಿಗೆ ಬೆಚ್ಚುವುದು, ಜನಸಂದಣಿಯನ್ನು ತಪ್ಪಿಸುವುದು, ನಿದ್ರೆ ಬಾರದಿರುವುದು ಈ ಸ್ಥಿತಿಗಳಲ್ಲಿಯೂ ಸಾಮಾನ್ಯ. ಇವುಗಳಿಗೆ ಚಿಕಿತ್ಸೆಯಿದೆ. ಮೊದಲು ಇಲ್ಲದಿದ್ದ ಸೂಕ್ಷ್ಮತೆ ವಯಸ್ಕರಲ್ಲಿ ಹೊಸದಾಗಿ ಕಾಣಿಸಿಕೊಂಡರೆ ಅದನ್ನು ಹುಟ್ಟುಗುಣವೆಂದು ಬಿಟ್ಟುಬಿಡುವಂತಿಲ್ಲ.

ದೈಹಿಕ ಕಾರಣಗಳು: ಅರೆತಲೆನೋವಿನಲ್ಲಿ ಬೆಳಕು, ಸದ್ದುಗಳು ಅಸಹನೀಯವಾಗುವುದುಂಟು. ಕಿವಿಗೆ ಸಂಬಂಧಿಸಿದ ಕೆಲವು ತೊಂದರೆಗಳಲ್ಲಿಯೂ ಸಾಧಾರಣ ಸದ್ದು ನೋವುಂಟುಮಾಡುತ್ತದೆ.

## ಒಡನಾಟ ಬಳಗಗಳು

### ಉಗಮ

ಒಂದೇ ಬಗೆಯ ಕಷ್ಟ ಅನುಭವಿಸುವವರು ಕೂಡಿ ಪರಸ್ಪರ ನೆರವಾಗುವ ಪದ್ಧತಿಗೆ ಆಧುನಿಕ ಕಾಲದಲ್ಲಿ ಪ್ರಸಿದ್ಧ ಉದಾಹರಣೆ, ಮದ್ಯವ್ಯಸನಿಗಳಿಗಾಗಿ 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್. ಅತಿ ಸಂವೇದನಾಶೀಲರ ಬಳಗಗಳು ಒಂದು ಮುಖ್ಯ ಅಂಶದಲ್ಲಿ ಅದರಿಂದ ಭಿನ್ನ: ಇಲ್ಲಿ ಬಿಡಬೇಕಾದ ಚಟವಾಗಲಿ ಗುಣಪಡಿಸಬೇಕಾದ ರೋಗವಾಗಲಿ ಇಲ್ಲ. ತಮ್ಮ ಸ್ವಭಾವವನ್ನು ತಿಳಿದುಕೊಂಡು ಅದರೊಡನೆ ಬಾಳುವುದನ್ನು ಕಲಿಯುವುದೇ ಉದ್ದೇಶ.

ಆರನ್ ಅವರ ಪುಸ್ತಕದ ಬಳಿಕ ಓದುಗರು ಪರಸ್ಪರ ಭೇಟಿಯಾಗಲು ಬಯಸಿದರು. 2001ರಿಂದ ಅಮೆರಿಕದಲ್ಲಿ ಅತಿ ಸಂವೇದನಾಶೀಲರಿಗಾಗಿಯೇ ಹಲವು ದಿನಗಳ ವಾಸ್ತವ್ಯ ಶಿಬಿರಗಳು ನಡೆಯತೊಡಗಿದವು. ಕ್ಯಾಲಿಫೋರ್ನಿಯಾದ ವಾಕರ್ ಕ್ರೀಕ್ ರ‍್ಯಾಂಚ್ ಎಂಬಲ್ಲಿ ನಡೆದ ಇಂತಹ ಒಂದು ಕೂಟದ ವಿವರಣೆ, ಅಂತರ್ಮುಖಿಗಳನ್ನು ಕುರಿತು ಸೂಸನ್ ಕೇನ್ 2012ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿದೆ. 2015ರಲ್ಲಿ ಈ ವಿಷಯದ ಸಾಕ್ಷ್ಯಚಿತ್ರವೊಂದು ತೆರೆಕಂಡಿತು. ತಮ್ಮನ್ನು ಅತಿ ಸಂವೇದನಾಶೀಲರೆಂದು ಗುರುತಿಸಿಕೊಂಡಿರುವ ಗಾಯಕಿ ಅಲಾನಿಸ್ ಮೋರಿಸೆಟ್ ಅದರಲ್ಲಿ ಕಾಣಿಸಿಕೊಂಡರು. ಅಂತರಜಾಲ ಹರಡಿದಂತೆ ದೂರದ ಊರು, ದೇಶಗಳವರೂ ಇಂತಹ ಬಳಗಗಳನ್ನು ಸೇರುವುದು ಸಾಧ್ಯವಾಯಿತು.

### ಪ್ರಯೋಜನಗಳು

ಬಾಲ್ಯದಿಂದ 'ಇಷ್ಟಕ್ಕೆಲ್ಲ ಅಳುವುದೇ', 'ನಿನ್ನದು ಅತಿಯಾಯಿತು' ಎಂಬ ಮಾತುಗಳನ್ನು ಕೇಳಿ ಬೆಳೆದವರು ತಮ್ಮಲ್ಲಿಯೇ ಏನೋ ಕೊರತೆಯಿದೆಯೆಂದು ನಂಬಿರುತ್ತಾರೆ. ತಮ್ಮಂತೆಯೇ ಅನುಭವಿಸುವವರು ಇದ್ದಾರೆಂದು ತಿಳಿದಾಗ ಈ ನಂಬಿಕೆ ಸಡಿಲಗೊಳ್ಳುತ್ತದೆ. ಒಂಟಿತನ ಕಡಿಮೆಯಾಗುತ್ತದೆ. ಕೆಲಸದ ನಡುವೆ ಬಿಡುವು ಪಡೆಯುವುದು, ಸಮಾರಂಭದಿಂದ ಬೇಗ ಹೊರಡಲು ಮೊದಲೇ ತಿಳಿಸಿಡುವುದು, ಮನೆಯವರಿಗೆ ತಮ್ಮ ಅಗತ್ಯವನ್ನು ಜಗಳವಿಲ್ಲದೆ ಹೇಳುವುದು ಮೊದಲಾದ ವ್ಯವಹಾರದ ಉಪಾಯಗಳು ಅನುಭವಸ್ಥರಿಂದ ದೊರೆಯುತ್ತವೆ. ಬರಹದ ಮೂಲಕ ನಡೆಯುವ ಒಡನಾಟದಲ್ಲಿ ಯೋಚಿಸಿ ಉತ್ತರಿಸಲು ಅವಕಾಶವಿರುವುದರಿಂದ, ಎದುರುಬದುರಿನ ಮಾತಿನಲ್ಲಿ ದಣಿಯುವವರಿಗೆ ಅದು ಅನುಕೂಲ.

### ಮಿತಿಗಳು

ನೋವನ್ನು ಹಂಚಿಕೊಳ್ಳುವುದೆಲ್ಲವೂ ನೋವನ್ನು ಕಡಿಮೆ ಮಾಡುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಅಮಾಂಡಾ ರೋಸ್ 2002ರಲ್ಲಿ ಶಾಲಾಮಕ್ಕಳ ಸ್ನೇಹವನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದೇ ಸಮಸ್ಯೆಯನ್ನು ಇಬ್ಬರೂ ಕೂಡಿ ಮತ್ತೆ ಮತ್ತೆ ಚರ್ಚಿಸುವ ಅಭ್ಯಾಸಕ್ಕೂ ಗಾಢ ಸ್ನೇಹಕ್ಕೂ ನಂಟಿತ್ತು. ಅದೇ ಅಭ್ಯಾಸಕ್ಕೆ ಖಿನ್ನತೆ, ಆತಂಕಗಳೊಡನೆಯೂ ನಂಟಿತ್ತು. ಇತರರ ಭಾವನೆಗಳು ಬೇಗ ತಟ್ಟುವ ಸ್ವಭಾವದವರೇ ಸೇರಿರುವ ಬಳಗದಲ್ಲಿ ಈ ಅಪಾಯವನ್ನು ಕಡೆಗಣಿಸುವಂತಿಲ್ಲ. ಒಬ್ಬರ ದುಃಖ ಹಲವರ ದಣಿವಾಗಬಹುದು.

ಎರಡನೆಯ ಅಪಾಯ ಸ್ವಯಂನಿರ್ಣಯದ್ದು. ಬಳಗದಲ್ಲಿ ದೊರೆತ ಹೆಸರಿನಿಂದ ಸಮಾಧಾನಗೊಂಡು, ಚಿಕಿತ್ಸೆ ಬೇಕಾದ ಖಿನ್ನತೆಯನ್ನೋ ಆತಂಕವನ್ನೋ ಗುರುತಿಸದೆ ವರ್ಷಗಳನ್ನು ಕಳೆಯುವ ಸಾಧ್ಯತೆಯಿದೆ. ಮೂರನೆಯದು, ಸೂಕ್ಷ್ಮರು ಉಳಿದವರಿಗಿಂತ ಮೇಲಾದವರು, ಅವರಿಗೆ ವಿಶೇಷ ಶಕ್ತಿಗಳಿವೆ ಎಂಬ ಪ್ರಚಾರ. ಇದಕ್ಕೆ ಸಂಶೋಧನೆಯ ಆಧಾರವಿಲ್ಲ. ಇಂತಹ ಪ್ರಚಾರದ ಜೊತೆಗೆ ದುಬಾರಿ ಶಿಬಿರ, ಔಷಧಿ, ಸಾಧನಗಳ ಮಾರಾಟ ಬೆರೆಯುವುದೂ ಉಂಟು.

### ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

* ಬಳಗಕ್ಕೆ ಸ್ಪಷ್ಟವಾದ ನಿಯಮಗಳಿವೆಯೇ, ಅವುಗಳನ್ನು ಪಾಲಿಸುವಂತೆ ನೋಡಿಕೊಳ್ಳುವ ಹೊಣೆಗಾರರಿದ್ದಾರೆಯೇ ಎಂಬುದನ್ನು ಸೇರುವ ಮೊದಲು ಗಮನಿಸಬೇಕು.
* ಸದಸ್ಯರು ಹೇಳಿಕೊಂಡ ಖಾಸಗಿ ವಿಷಯಗಳು ಹೊರಗೆ ಹೋಗದಂತೆ ಎಚ್ಚರ ವಹಿಸಲಾಗುತ್ತಿರಬೇಕು. ನಿಜವಾದ ಹೆಸರು, ವಿಳಾಸ, ಉದ್ಯೋಗದ ವಿವರಗಳನ್ನು ಕೊಡಲೇಬೇಕೆಂಬ ಒತ್ತಾಯ ಸಲ್ಲದು.
* ಕೆಲವು ದಿನ ಮೌನವಾಗಿ ಓದುವ ಅಥವಾ ಕೇಳುವ ಅವಕಾಶವಿರುವುದು ಒಳ್ಳೆಯದು. ಮಾತನಾಡದವರನ್ನು ಮಾತಿಗೆ ಎಳೆಯುವ ಬಳಗ ಇಂತಹವರಿಗೆ ತಕ್ಕದ್ದಲ್ಲ.
* ಚಿಕ್ಕ ಬಳಗ, ನಿಗದಿತ ಅವಧಿ, ನಡುವೆ ವಿರಾಮ ಇವು ದಣಿವನ್ನು ತಗ್ಗಿಸುತ್ತವೆ.
* ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸುವಂತೆ ಹೇಳುವ, ಚಿಕಿತ್ಸೆಯನ್ನು ಹೀಗಳೆಯುವ ಅಥವಾ ಮೊದಲ ಭೇಟಿಯಲ್ಲಿಯೇ ಹಣ ಕೇಳುವ ಬಳಗಗಳಿಂದ ದೂರವಿರಬೇಕು.
* ಬಳಗದಿಂದ ಎದ್ದು ಬಂದ ಮೇಲೆ ಮನಸ್ಸು ಹಗುರವಾಗಿದೆಯೇ ಭಾರವಾಗಿದೆಯೇ ಎಂಬುದೇ ಸರಳವಾದ ಒರೆಗಲ್ಲು. ಹಲವು ಸಲ ಭಾರವೇ ಆಗುತ್ತಿದ್ದರೆ ಆ ಬಳಗವನ್ನು ಬಿಡುವುದರಲ್ಲಿ ತಪ್ಪಿಲ್ಲ.

ಇದೇ ಹೆಸರಿನ ಬಳಗವೇ ಬೇಕೆಂದೇನೂ ಇಲ್ಲ. ಓದುಗರ ಕೂಟ, ಸಂಗೀತದ ತರಗತಿ, ಪಕ್ಷಿವೀಕ್ಷಣೆ, ಕೈತೋಟ ಮೊದಲಾದ ಆಸಕ್ತಿಗಳ ಸುತ್ತ ಸೇರುವ ಚಿಕ್ಕ ಗುಂಪುಗಳಲ್ಲಿ ಮಾತಿಗಿಂತ ಕೆಲಸ ಮುಂದಿರುತ್ತದೆ. ಸೌಂದರ್ಯಕ್ಕೆ ಸ್ಪಂದಿಸುವ ಗುಣ ಅಲ್ಲಿ ಸಹಜವಾಗಿಯೇ ಬೆಲೆ ಪಡೆಯುತ್ತದೆ.

## ಮನೆ ಮತ್ತು ಶಾಲೆ

ಮಕ್ಕಳು ತಮ್ಮ ಬಳಗವನ್ನು ತಾವೇ ಹುಡುಕಿಕೊಳ್ಳಲಾರರು. ಅವರಿಗೆ ಮನೆ ಮತ್ತು ತರಗತಿಗಳೇ ಬಳಗ. ಸೂಕ್ಷ್ಮ ಸ್ವಭಾವದ ಮಗುವಿಗೆ ಎಲ್ಲರ ಎದುರಿನ ಗದರಿಕೆಗಿಂತ ಹತ್ತಿರ ಕರೆದು ಹೇಳಿದ ಒಂದು ಮಾತು ಹೆಚ್ಚು ಪರಿಣಾಮಕಾರಿ. ದಿನಚರಿಯಲ್ಲಿನ ಬದಲಾವಣೆಯನ್ನು ಮೊದಲೇ ತಿಳಿಸುವುದು, ಉತ್ತರಿಸಲು ತುಸು ಸಮಯ ಕೊಡುವುದು, ಗದ್ದಲದ ನಂತರ ಸ್ವಲ್ಪ ಹೊತ್ತು ಒಂಟಿಯಾಗಿರಲು ಬಿಡುವುದು ಸಹಾಯಕ. ಹಾಗೆಂದು ಮಗುವನ್ನು ಪ್ರತಿಯೊಂದು ಹೊಸ ಅನುಭವದಿಂದ ತಪ್ಪಿಸುತ್ತಾ ಹೋದರೆ ಅಂಜಿಕೆ ಬೆಳೆಯುತ್ತದೆ. ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ, ಜೊತೆಗಿದ್ದು, ಹೊಸತನ್ನು ಪರಿಚಯಿಸುವುದು ಉಚಿತ. ಗಂಡುಮಕ್ಕಳ ಕಣ್ಣೀರನ್ನು ಅಪಹಾಸ್ಯ ಮಾಡುವ ರೂಢಿ ಅವರು ತಮ್ಮ ಕಷ್ಟವನ್ನು ಹೇಳಿಕೊಳ್ಳದಂತೆ ಮಾಡುತ್ತದೆ.

## ಟೀಕೆಗಳು

ಈ ಪರಿಕಲ್ಪನೆಯ ಕುರಿತು ಹಲವು ಆಕ್ಷೇಪಗಳಿವೆ. ಹೆಚ್ಚಿನ ಅಧ್ಯಯನಗಳು ವ್ಯಕ್ತಿಗಳು ತಮ್ಮ ಬಗ್ಗೆ ತಾವೇ ನೀಡಿದ ಉತ್ತರಗಳನ್ನು ಅವಲಂಬಿಸಿವೆ. ಪ್ರಶ್ನಾವಳಿಯ ಅನೇಕ ಪ್ರಶ್ನೆಗಳು ಕಿರಿಕಿರಿ, ಉದ್ವೇಗಗಳನ್ನೇ ಕೇಳುವುದರಿಂದ, ಅದು ವ್ಯಕ್ತಿತ್ವ ಅಧ್ಯಯನಗಳಲ್ಲಿ ನ್ಯೂರೋಟಿಸಿಸಂ ಎಂದು ಕರೆಯಲಾಗುವ ಗುಣವನ್ನೇ ಬೇರೆ ಹೆಸರಿನಲ್ಲಿ ಅಳೆಯುತ್ತಿದೆಯೇ ಎಂಬ ಪ್ರಶ್ನೆ ಎದ್ದಿದೆ. ಎರಡರ ನಡುವೆ ಗಣನೀಯ ಸಂಬಂಧವಿದ್ದರೂ ಪೂರ್ಣ ಸಮಾನತೆಯಿಲ್ಲ ಎಂಬುದು ಸಮರ್ಥಕರ ಉತ್ತರ.

ಜನಪ್ರಿಯ ಬರಹಗಳಲ್ಲಿನ ವರ್ಣನೆಗಳು ಬಹುತೇಕ ಯಾರಿಗಾದರೂ ಹೊಂದುವಂತಿರುತ್ತವೆ ಎಂಬುದು ಇನ್ನೊಂದು ಟೀಕೆ. ಅಮೆರಿಕದ ಬರ್ಟ್ರಮ್ ಫೋರರ್ 1949ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳೆಲ್ಲರಿಗೂ ಒಂದೇ ವ್ಯಕ್ತಿತ್ವ ವರ್ಣನೆಯನ್ನು ಕೊಟ್ಟರೂ ಪ್ರತಿಯೊಬ್ಬರೂ ಅದನ್ನು ತಮಗೇ ಬರೆದದ್ದೆಂದು ನಂಬಿದ್ದರು. 'ನೀವು ಬಹಳ ಆಳವಾಗಿ ಯೋಚಿಸುವವರು' ಎಂಬಂತಹ ವಾಕ್ಯವನ್ನು ಅಲ್ಲಗಳೆಯುವವರು ವಿರಳ. ಸಮರ್ಥಕರು ಮತ್ತು ಟೀಕಾಕಾರರು ಇಬ್ಬರೂ ಒಪ್ಪುವ ಅಂಶವೆಂದರೆ, ಸುತ್ತಲಿನ ಪರಿಸರಕ್ಕೆ ಎಲ್ಲರೂ ಒಂದೇ ಪ್ರಮಾಣದಲ್ಲಿ ಸ್ಪಂದಿಸುವುದಿಲ್ಲ ಎಂಬುದು.

## ವೃತ್ತಿಪರರ ನೆರವು

ಸೂಕ್ಷ್ಮತೆಗೆ ಚಿಕಿತ್ಸೆ ಬೇಕಿಲ್ಲ. ಆದರೆ ಸೂಕ್ಷ್ಮ ವ್ಯಕ್ತಿಗೆ ಚಿಕಿತ್ಸೆ ಬೇಕಾಗುವ ಸಂದರ್ಭಗಳಿವೆ. ಎರಡು ವಾರಗಳಿಗೂ ಮೀರಿ ದಿನವೂ ಮನಸ್ಸು ಕುಗ್ಗಿರುವುದು, ನಿದ್ರೆ ಹಸಿವುಗಳು ಕೆಡುವುದು, ಓದು, ಕೆಲಸ, ಸಂಬಂಧಗಳು ನಿಂತುಹೋಗುವುದು, ಜೀವ ಬೇಡವೆನಿಸುವುದು ಇವು ಸ್ವಭಾವದ ಲಕ್ಷಣಗಳಲ್ಲ. ಇವು ಕಂಡುಬಂದಾಗ ಬಳಗದ ಸಲಹೆಗೆ ಕಾಯದೆ ವೈದ್ಯರನ್ನಾಗಲಿ ಆಪ್ತಸಮಾಲೋಚಕರನ್ನಾಗಲಿ ಕಾಣಬೇಕು.

ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳು, ಉಚಿತವಾಗಿ ದೊರೆಯುತ್ತದೆ. ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಈ ಸೇವೆಯ ಪ್ರಧಾನ ಕೇಂದ್ರ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ನೆರವು ಲಭ್ಯ. ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ವೈದ್ಯರನ್ನು ಕಾಣುವಾಗ 'ನಾನು ಅತಿ ಸಂವೇದನಾಶೀಲ' ಎಂಬ ಹೆಸರನ್ನಷ್ಟೇ ಹೇಳುವುದಕ್ಕಿಂತ, ಯಾವ ತೊಂದರೆ, ಯಾವಾಗಿನಿಂದ, ಯಾವ ಸಂದರ್ಭದಲ್ಲಿ ಎಂಬುದನ್ನು ವಿವರಿಸಿದರೆ ಸರಿಯಾದ ನಿರ್ಣಯಕ್ಕೆ ಸಹಾಯವಾಗುತ್ತದೆ.